ಕೊರಳ ಹಿಂದಿನ ಗಂಟು

ಪಂಢರಪುರದ ತುಳಸಿ ಮಾಲೆಯನ್ನು ಕೊರಳಿಗೆ ಅಂಟಿದಂತೆ ಕಟ್ಟುತ್ತಾರೆ. ಸರದ ಹಾಗೆ ತಲೆಯ ಮೇಲಿಂದ ಹಾಕಿ ತೆಗೆಯಲು ಬರುವುದಿಲ್ಲ. ಗಂಟು ಹಿಂದೆ, ಕತ್ತಿನ ಮೇಲೆ ಬೀಳುತ್ತದೆ. ಬಿಚ್ಚುವುದನ್ನು ಹೇಗೋ ಒಬ್ಬರೇ ಮಾಡಿಕೊಳ್ಳಬಹುದು, ಕಟ್ಟಿಕೊಳ್ಳಲು ಮಾತ್ರ ಇನ್ನೊಬ್ಬರ ಕೈ ಬೇಕು. ನಮ್ಮ ಮನೆಯಲ್ಲಿ ಆ ಕೈ ನನ್ನದು.

ನಮ್ಮ ಕಡೆ ಕುಡಿತ ಬಿಡಿಸಬೇಕೆಂದರೆ ಡಾಕ್ಟರ ನೆನಪು ಆಮೇಲೆ, ಮೊದಲು ಮಾಲೆಯ ನೆನಪಾಗುತ್ತದೆ. ಮಾಲೆ ಹಾಕಿಸಿಕೊಂಡವನನ್ನು ಮಾಳಕರಿ ಎನ್ನುತ್ತಾರೆ. ಅವನು ಸೆರೆ ಮುಟ್ಟುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ. ಕೊರಳಲ್ಲಿ ಮಾಲೆ ಇಲ್ಲದೆ ತುತ್ತು ಬಾಯಿಗಿಡುವಂತಿಲ್ಲ. ನನ್ನ ಗಂಡ ದಾಂಡೇಲಿಯಲ್ಲಿ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದರು, ಬಿಡುವಿದ್ದಾಗ ಬಾಡಿಗೆಗೂ ಹೋಗುತ್ತಿದ್ದರು. ಅವರ ಅಪ್ಪ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು. ನಾನು ಮನೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಮಾಲೆಗಿಂತ ಮೊದಲಿನ ವರ್ಷಗಳನ್ನು ಇಲ್ಲಿ ಬಿಡಿಸಿ ಹೇಳಲಾರೆ. ಗಟಾರದ ಪಕ್ಕದಿಂದ ಎಬ್ಬಿಸಿ ತಂದದ್ದು, ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮುಂಡಗೋಡಿನ ತವರಿಗೆ ಹೋದದ್ದು, ಮತ್ತೆ ಬಂದದ್ದು, ಧಾರವಾಡದ ಆಸ್ಪತ್ರೆಯಲ್ಲಿ ಇಟ್ಟು ಕರೆತಂದ ವಾರವೇ ಮತ್ತೆ ಶುರುವಾದದ್ದು, ಎಲ್ಲ ಆಗಿತ್ತು. ಕೊನೆಗೆ ಹಳಿಯಾಳದ ಭಜನೆಯ ಹಿರಿಯರೊಬ್ಬರು ಅವರನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ಮಾಲೆ ಹಾಕಿಸಿದರು. ಆ ಹಿರಿಯರನ್ನು ನಾವೆಲ್ಲ ಮಹಾರಾಜರು ಎನ್ನುತ್ತೇವೆ.

ಮಾಲೆ ಕೆಲಸ ಮಾಡಿತು. ನನಗೇ ನಂಬಿಕೆ ಇರಲಿಲ್ಲ, ಆದರೂ ಮಾಡಿತು. ವರ್ಷ ಕಳೆದು ಮತ್ತೆ ವರ್ಷ ಬಂತು. ಏಕಾದಶಿಗೆ ಉಪವಾಸ, ಗುರುವಾರ ಭಜನೆ. ಕುಡುಕ ಎನ್ನುತ್ತಿದ್ದವರೇ ದಾರಿಯಲ್ಲಿ ಕೈ ಮುಗಿದರು. ಆ ಮಾಲೆಯ ಮುಖ ನೋಡಿಯೇ ಜನ ತಮ್ಮ ಮಕ್ಕಳನ್ನು ನಮ್ಮ ವ್ಯಾನಿಗೆ ಹಾಕಿದರು. ಕುಳಗಿ ರಸ್ತೆಯ ಕಡೆಯ ಮನೆಗಳಿಂದಲೂ ಮಕ್ಕಳು ಬಂದವು. ನನ್ನ ಬಾಯಿ ಮೊದಲೇ ಜೋರು. "ಏನ್ರಿ ಸಂತರ, ಚಾ ನಡೀತೈತೋ, ಅದನ್ನೂ ವಿಠ್ಠಲಗ ಬಿಟ್ಟ ಬಂದೀರೋ?" ಎಂದು ಕಾಡುತ್ತಿದ್ದೆ. ಅವರು ನಗುತ್ತಿದ್ದರು. ಆ ನಗು ಮನೆಗೆ ಮರಳಿ ಬಂದದ್ದೇ ನನಗೆ ಹಬ್ಬವಾಗಿತ್ತು.

ಒಂದು ಸಂಜೆ ಊಟಕ್ಕೆ ಕೂರುವ ಮೊದಲು ಮಾಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದರು. "ದಾರ ಸಡಲ ಆಗೇತಿ, ಸ್ವಲ್ಪ ಕಟ್ಟು," ಎಂದರು. ಕಟ್ಟಿದೆ. ಕೆಲವು ದಿನಗಳ ಮೇಲೆ ಮತ್ತೆ ಸಡಿಲಾಯಿತು. ದಾರವನ್ನು ಬೈದು ಹೊಸ ದಾರ ಪೋಣಿಸಿದೆ. ಅದೂ ಸಡಿಲಾಯಿತು. ಬಾಯಲ್ಲಿ ಲವಂಗ ಇರುತ್ತಿತ್ತು. ಹಲ್ಲು ನೋವು ಎನ್ನುತ್ತಿದ್ದರು. ದಿನವಿಡೀ ದಾರದಲ್ಲೇ ಕೆಲಸ ಮಾಡುವ ನನಗೆ ಗಂಟು ತಾನಾಗಿ ಬಿಚ್ಚಿದ್ದೋ ಯಾರೋ ಬಿಚ್ಚಿದ್ದೋ ತಿಳಿಯುವುದಿಲ್ಲವೇ? ತಿಳಿಯುತ್ತಿತ್ತು. ಆದರೆ ತಿಳಿಯುವುದು ಬೇಡವಾಗಿತ್ತು.

ಕೊನೆಗೆ ಹೇಳಿದವನು ನಮ್ಮ ಓಣಿಯ ಗ್ಯಾರೇಜಿನ ಮೇಸ್ತ್ರಿ. ಮುಸಲ್ಮಾನರ ಹುಡುಗ, ನನ್ನ ಗಂಡನನ್ನು ಸ್ವಂತ ಅಣ್ಣನಂತೆ ಕಾಣುವವನು. ವ್ಯಾನಿನ ಎಡಬದಿ ಉದ್ದಕ್ಕೆ ಗೀಚಿಹೋಗಿದ್ದನ್ನು ರಿಪೇರಿ ಮಾಡಿದ್ದೂ ಅವನೇ. ತಾಯಿಯ ಕುಪ್ಪಸ ಒಯ್ಯುವ ನೆಪದಲ್ಲಿ ಬಂದು, ಬಾಗಿಲಲ್ಲೇ ನಿಂತು, ನೆಲ ನೋಡುತ್ತ ಹೇಳಿದ. "ಭಾಭೀ, ತಪ್ಪ ತಿಳೀಬ್ಯಾಡ್ರಿ. ಭಾಯ್ ರಾಮನಗರಕ್ಕ ಬಾಡಿಗಿ ಹೋದಾಗ ಸ್ವಲ್ಪ ನೋಡ್ಕೋರಿ."

ರಾಮನಗರ ಎಂದರೆ ಗೋವಾ ಗಡಿ. ಗೋವಾ ಎಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಕಡೆ ಬಾಡಿಗೆ ಹೋದ ದಿನವೇ ದಾರ ಸಡಿಲಾಗುತ್ತದೆ ಎನ್ನುವುದು ಆಗ ತಲೆಗೆ ಹೊಳೆಯಿತು. ಕೇಳಿದೆ. ಮೊದಲು ರೇಗಿದರು, ಆಮೇಲೆ ಅತ್ತರು. ಕುಡಿಯುವ ಮೊದಲು ಮಾಲೆ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ವ್ಯಾನಿನ ಮುಂದಿನ ಡಬ್ಬಿಯಲ್ಲಿ ಇಡುತ್ತಿದ್ದರಂತೆ. ಸೆರೆ ವಿಠ್ಠಲನಿಗೆ ತಾಗಬಾರದಲ್ಲ! ದೇವರಿಗೆ ಕೊಟ್ಟ ಮರ್ಯಾದೆಯಲ್ಲಿ ಅರ್ಧ ನನಗೆ ಕೊಟ್ಟಿದ್ದರೂ ಸಾಕಿತ್ತು ಎಂದುಕೊಂಡೆ.

"ಮಾಲಿ ಕೊಳ್ಳಾಗ ಇಟ್ಕೊಂಡು ಒಂದ ಹನಿ ಮುಟ್ಟಿಲ್ಲ. ಆ ಪಾಪ ಮಾತ್ರ ಮಾಡಿಲ್ಲ. ನಿನ್ನ ಆಣಿ," ಎಂದರು.

ಆ ಮಾತನ್ನು ನಾನು ಗಟ್ಟಿಯಾಗಿ ನಂಬಿದೆ. ಮಾಲೆ ಇದ್ದಾಗ ಕುಡಿಯುವುದಿಲ್ಲ ಎಂದ ಮೇಲೆ ಮಾಲೆ ಬಿಚ್ಚದಂತೆ ಮಾಡಿದರಾಯಿತಲ್ಲ. ಕಾಳಿ ನದಿಯಲ್ಲಿ ಮೀನು ಹಿಡಿಯುವವರು ಬಳಸುವ ನೈಲಾನ್ ದಾರ ತಂದೆ. ಮಣಿಗಳನ್ನೆಲ್ಲ ಅದರಲ್ಲಿ ಪೋಣಿಸಿದೆ. ಅವರನ್ನು ಹೊಲಿಗೆ ಮಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಗಂಟಿನ ಮೇಲೆ ಗಂಟು ಹಾಕಿ, ಕತ್ತಿಗೆ ಬಟ್ಟೆ ಒತ್ತಿಟ್ಟು, ಕಡ್ಡಿ ಗೀರಿ ಗಂಟಿನ ತುದಿಯನ್ನು ಕರಗಿಸಿದೆ. ಗಂಟುಗಳೆಲ್ಲ ಒಂದೇ ಗಟ್ಟಿ ಮುದ್ದೆಯಾದವು. ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. "ಹೂಂ, ಹಂಗ ಮಾಡು, ಛಲೋ ಆತು," ಎಂದು ಅವರೇ ಅಂದರು. ಆ ಸಂಜೆ ನಾನು ರವೆಯ ಶಿರಾ ಮಾಡಿದೆ. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು.

ಕೆಲವು ದಿನ ಚೆನ್ನಾಗಿಯೇ ಹೋಯಿತು. ಆಮೇಲೊಂದು ಮಧ್ಯಾಹ್ನ ಮಕ್ಕಳನ್ನು ಶಾಲೆಗೆ ಬಿಟ್ಟು ಊಟಕ್ಕೆ ಬಂದರು. ಬಾಗಿಲು ದಾಟುವ ಮೊದಲೇ ವಾಸನೆ ಬಂತು. ಓಡಿಹೋಗಿ ಕತ್ತಿನ ಹಿಂದೆ ಬೆರಳಿಟ್ಟೆ. ಗಂಟು ನಾನು ಮಾಡಿದ ಹಾಗೆಯೇ ಇತ್ತು.

"ಮಾಲಿ ಕೊಳ್ಳಾಗ ಇಟ್ಕೊಂಡ ಕುಡದ್ರಿ?" ಎಂದು ಕಿರುಚಿದೆ.

"ಬಿಚ್ಚಾಕ ಬರಲಿಲ್ಲ," ಎಂದರು.

ಅಷ್ಟೇ ಹೇಳಿದ್ದು. ಸಿಟ್ಟಿನಿಂದಲ್ಲ, ತಮಾಷೆಗೂ ಅಲ್ಲ. ಮೊದಲಾದರೆ ಕುಡಿಯಲೇಬೇಕು ಎಂದು ಜೀವ ಒದ್ದಾಡಿದಾಗಲೂ ವ್ಯಾನ್ ನಿಲ್ಲಿಸಿ, ಕೈ ಹಿಂದೆ ಒಯ್ದು, ಗಂಟು ಬಿಚ್ಚಿ, ಮಾಲೆಯನ್ನು ಕಣ್ಣಿಗೊತ್ತಿ ಡಬ್ಬಿಯಲ್ಲಿ ಇಡಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಎಷ್ಟೋ ಸಲ ಮನಸ್ಸು ತಿರುಗಿ ಹಾಗೇ ಮನೆಗೆ ಬಂದಿರಲೂಬಹುದು. ಆ ಸ್ವಲ್ಪ ಹೊತ್ತನ್ನು ನಾನು ಕಡ್ಡಿ ಗೀರಿ ಸುಟ್ಟುಬಿಟ್ಟಿದ್ದೆ. "ಇನ್ನ ವಿಠ್ಠಲನ ಮುಂದ ನಿಲ್ಲೂಹಂಗಿಲ್ಲ ನಾ. ಕೆಟ್ಟದ್ದು ಕೆಟ್ಟೇತಿ, ಬಿಡು," ಎಂದು ಅವರು ಗೋಡೆ ಕಡೆ ತಿರುಗಿ ಮಲಗಿದರು. ಅಂದಿನಿಂದ ರಾಮನಗರದ ಹಂಗೂ ಬೇಕಾಗಲಿಲ್ಲ. ದಾಂಡೇಲಿಯಲ್ಲೇ, ಹಗಲಿನಲ್ಲೇ, ಬರಬರುತ್ತ ಬೆಳಗಿನಲ್ಲೇ ಆಯಿತು.

ವ್ಯಾನ್ ಮಾತ್ರ ನಿಲ್ಲಲಿಲ್ಲ. ನನ್ನ ಜೀವ ಬಾಯಿಗೆ ಬಂದದ್ದು ಅಲ್ಲಿ. ಕೀಲಿ ಬಚ್ಚಿಟ್ಟರೆ "ಹುಡುಗೂರು ಶಾಲಿ ಗೇಟಿನಾಗ ನಿಂತಿರತಾವು, ಕೀಲಿ ತಾ," ಎಂದು ಕೂಗಾಡುತ್ತಿದ್ದರು. ಆ ಮಾತೂ ಸುಳ್ಳಲ್ಲ. ದಾರ ತರಬೇಕು, ಗುಂಡಿ ತರಬೇಕು ಎಂದು ನೆಪ ಹೇಳಿ ನಾನೂ ವ್ಯಾನ್ ಹತ್ತುತ್ತಿದ್ದೆ. ಕುಳಗಿ ರಸ್ತೆಯ ತಿರುವುಗಳಲ್ಲಿ ಅವರ ಕಣ್ಣು ಮುಚ್ಚದಿರಲಿ ಎಂದು ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಹಿಂದೆ ಮಕ್ಕಳು ಹಾಡು ಹೇಳುತ್ತಿದ್ದವು. ಎದುರಿಗೆ ಮರದ ಲಾರಿ ಬಂದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಮಹಾರಾಜರಿಗೆ ಫೋನು ಮಾಡಿದೆ. "ಕರ್ಕೊಂಡ ಬರ್ರಿ," ಎಂದರು. ಧಾರವಾಡದ ಆಸ್ಪತ್ರೆಗೆ ಫೋನು ಮಾಡಿದೆ. ಅವರಾಗಿಯೇ ಒಪ್ಪಿ ಬರಬೇಕು, ಕರೆದುಕೊಂಡು ಬನ್ನಿ ಎಂದರು. ಎಲ್ಲರೂ ಕರೆದುಕೊಂಡು ಬನ್ನಿ ಎನ್ನುವವರೇ. ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹೋಗಲು ಅವರೇನು ಜೋಳದ ಚೀಲವೇ?

ಹಾಗಾದರೆ ಮಕ್ಕಳ ತಾಯಂದಿರಿಗೆ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ದಿನಾ ಬಾಯಿ ತುದಿಗೆ ಬರುತ್ತಿತ್ತು. ಆದರೆ ಭಾನುವಾರಗಳನ್ನು ನಾನು ನೋಡಿದ್ದೆ. ವ್ಯಾನ್ ಇಲ್ಲದ ದಿನ ಅವರು ಹಲ್ಲುಜ್ಜಲೂ ಏಳುತ್ತಿರಲಿಲ್ಲ. ಮಕ್ಕಳು ಕಾಯುತ್ತಾರೆ ಎನ್ನುವ ಒಂದೇ ಮಾತು ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಅದನ್ನೂ ಕಿತ್ತುಕೊಂಡರೆ ಅವರು ಪೂರ್ತಿ ಹೋಗಿಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಅವರನ್ನು ಉಳಿಸಿಕೊಳ್ಳಲು ಊರವರ ಮಕ್ಕಳನ್ನು ಒತ್ತೆ ಇಟ್ಟಿದ್ದೇನೆ ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದೂ ದಿನಾ ವ್ಯಾನ್ ಹತ್ತುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರಲಿಲ್ಲ. ಬೆರಳು ಗುಂಡಿಯ ಸುತ್ತ ತಿರುಗುತ್ತಿತ್ತೇ ಹೊರತು ಕಾಜಾ ಸಿಗುತ್ತಿರಲಿಲ್ಲ. ನಾನು ಒಲೆ ಆರಿಸಿ ಬರುವಷ್ಟರಲ್ಲಿ ವ್ಯಾನ್ ಹೊರಟಿತ್ತು. ಮಗಳು ಎಂದಿನಂತೆ ಅಪ್ಪನ ಪಕ್ಕದ ಮುಂದಿನ ಸೀಟಿನಲ್ಲಿ ಕೂತಿದ್ದಳು. ಓಣಿಯ ಮೂಲೆಯಲ್ಲಿ ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ನಿಂತಿರುತ್ತಾರೆ, ಅಲ್ಲಿ ವ್ಯಾನ್ ನಿಲ್ಲುತ್ತದೆ. ಬರಿಗಾಲಲ್ಲೇ ಓಡಿದೆ.

"ಇವತ್ತ ಯಾರೂ ಹುಡುಗೂರ್ನ ಕಳಸಬ್ಯಾಡ್ರಿ. ಅವರು ಕುಡದಾರ," ಎಂದೆ.

ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ನನ್ನ ಗಂಡನನ್ನು ನೋಡಿದರು. ಅವರು ನೆಟ್ಟಗೆ ಕೂತು ಎದುರಿನ ಗಾಜನ್ನೇ ನೋಡುತ್ತಿದ್ದರು. ಇಬ್ಬರು ಮಕ್ಕಳನ್ನು ಹತ್ತಿಸುತ್ತಿದ್ದ ಒಬ್ಬಾಕೆ ನನ್ನ ಮೇಲೆಯೇ ತಿರುಗಿಬಿದ್ದಳು. "ಏನ್ರಿ ಅಕ್ಕಾರ, ಮನೀ ಜಗಳ ಬೀದಿಗ ತರತೀರಿ? ಕೊಳ್ಳಾಗ ಮಾಲಿ ಕಾಣವಲ್ತೇನು? ಮಾಳಕರಿ ಮ್ಯಾಲ ಇಂಥಾ ಮಾತ ಆಡಬಾರದ್ರಿ."

"ವಿಠ್ಠಲನ ಆಣಿ ಬಾಯಾರ, ನಾ ಮುಟ್ಟಿಲ್ಲ," ಎಂದು ನನ್ನ ಗಂಡ ಮಾಲೆಯ ಮೇಲೆ ಕೈ ಇಟ್ಟರು.

ನನ್ನ ಜೋರು ಬಾಯಿ ಓಣಿಗೆಲ್ಲ ಪರಿಚಯ. ಗಂಡನ ಮೇಲಿನ ಯಾವುದೋ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಎಲ್ಲರಿಗೂ ಅನಿಸಿತು. ಒಬ್ಬೊಬ್ಬರಾಗಿ ಮಕ್ಕಳನ್ನು ಒಳಗೆ ಹತ್ತಿಸಿದರು. ಬಾಗಿಲು ಹಾಕಿದ ಸದ್ದಾಯಿತು. ನನ್ನ ಗಂಡ ವ್ಯಾನ್ ಚಾಲೂ ಮಾಡಿದರು. ಈ ಕಡೆ ಬಂದು ಮುಂದಿನ ಬಾಗಿಲು ತೆಗೆದು ಮಗಳ ರಟ್ಟೆ ಹಿಡಿದು ಎಳೆದೆ. ಅವಳು ಎದುರಿನ ಹಿಡಿಕೆ ಹಿಡಿದುಕೊಂಡಿದ್ದಳು. ಇನ್ನೊಮ್ಮೆ ಎಳೆದೆ. ಚೀಲ ಕೆಳಗೆ ಬಿತ್ತು, ನೀರಿನ ಬಾಟಲಿ ವ್ಯಾನಿನ ಅಡಿಗೆ ಉರುಳಿಹೋಯಿತು. ಅವಳನ್ನು ಸೊಂಟಕ್ಕೆ ಒತ್ತಿಕೊಂಡು ರಸ್ತೆಯ ಬದಿಗೆ ನಿಂತೆ.

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಮಗಳನ್ನೇ ನೋಡಿ, "ನೀನೂ ಇಳದಿ ಏನವಾ?" ಎಂದರು.

ನನ್ನನ್ನು ಬೈದಾಕೆಯ ಮುಖ ಬಿಳಿಚಿತು. ಹಿಂದಿನ ಬಾಗಿಲು ತೆಗೆದು ತನ್ನ ಇಬ್ಬರನ್ನೂ ಇಳಿಸಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ವ್ಯಾನ್ ಖಾಲಿಯಾಯಿತು. ಹೋಗುವಾಗ ಯಾರೂ ನನ್ನ ಮುಖ ನೋಡಲಿಲ್ಲ, ನನಗೂ ಅದೇ ಬೇಕಿತ್ತು. ಗಂಡನ ಹತ್ತಿರ ಕೀಲಿ ಕೇಳಿದೆ. ತೆಗೆದು ಕೈಗೆ ಕೊಟ್ಟು, ಮನೆಯ ಕಡೆ ನಡೆದುಹೋದರು.

ನಾನು ಹೆದರಿದ್ದೇ ಆಯಿತು. ಈಗ ಅವರಿಗೆ ವಾರವೆಲ್ಲ ಭಾನುವಾರ. ವ್ಯಾನ್ ಗ್ಯಾರೇಜಿನ ಪಕ್ಕದಲ್ಲಿ ನಿಂತಿದೆ, ಮೇಸ್ತ್ರಿ ಅದರ ಮೇಲೊಂದು ತಾಡಪಾಲು ಹೊದಿಸಿದ್ದಾನೆ. ಸೋಮವಾರ ಧಾರವಾಡಕ್ಕೆ ಹೋಗೋಣ ಎನ್ನುತ್ತಾರೆ. ಸೋಮವಾರ ಬಂದಾಗ ಎಬ್ಬಿಸಿದರೆ ಕಣ್ಣು ತೆರೆದು ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಕುಡಿದು ಸತ್ತುಹೋಗುತ್ತಾರೆ ಎಂಬ ಭಯ ನನಗೆ ಹಗಲೂ ಇದೆ. ಮಷಿನ್ ತುಳಿಯುತ್ತ ತುಳಿಯುತ್ತ ನಡುವೆ ನಿಲ್ಲಿಸಿ, ಒಳಗೆ ಉಸಿರು ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ.

ಮಗಳನ್ನು ಈಗ ನಾನೇ ನಡೆಸಿಕೊಂಡು ಶಾಲೆಗೆ ಬಿಡುತ್ತೇನೆ. ದಾರಿಯಲ್ಲಿ ಅವಳು ಹೆಚ್ಚು ಮಾತಾಡುವುದಿಲ್ಲ. ಮೊನ್ನೆ ಮಿಲ್ಲಿನ ಗೋಡೆಯ ಪಕ್ಕದಲ್ಲಿ ಹೋಗುತ್ತಿದ್ದಾಗ ಕೇಳಿದಳು.

"ಅವ್ವಾ, ನಾ ಇಳೀದಿದ್ರ ಅಪ್ಪ ಕುಡಿಯೂದು ಬಿಡ್ತಿದ್ದ ಏನು?"

ಅಲ್ಲೇ ಕೂತು ಅವಳ ಎರಡೂ ಭುಜ ಹಿಡಿದುಕೊಂಡೆ. "ಇಲ್ಲವಾ. ನೀ ಎಲ್ಲಿ ಇಳದಿ? ನಾ ಅಲ್ಲೇನು ನಿನ್ನ ಎಳದ ಇಳಿಸಿದಾಕಿ?" ಎಂದೆ.



"ಆದ್ರ ನಾ ಹಿಡಿಕಿ ಗಟ್ಟಿ ಹಿಡ್ಕೊಂಡಿದ್ದಿಲ್ಲವ್ವಾ," ಎಂದಳು.