ಧಾರಾವಾಹಿಯಲ್ಲಿ ತೀರಿಹೋದ ಅಪ್ಪ

ಸದಾ ಕಿತ್ತಾಡುವ ಕುಟುಂಬದ ಹಾಸ್ಯ ಧಾರಾವಾಹಿಯನ್ನು ಜನ ಯಾಕೆ ಮುಗಿಬಿದ್ದು ನೋಡುತ್ತಾರೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಅದರಲ್ಲಿ ನಮ್ಮ ಮನೆಯೇ ಕಾಣುತ್ತದೆ, ಅದಕ್ಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಬೆಳೆದ ನನಗೆ ಇಂಥ ಉತ್ತರ ಕೇಳಿದರೆ ನಾಲಿಗೆ ತುರಿಸುತ್ತದೆ. ಈ ವಿಷಯದಲ್ಲಿ ಮಾತಾಡಲು ನನಗೆ ಬೇರೆಯವರಿಗಿಲ್ಲದ ಅರ್ಹತೆಯೂ ಒಂದಿದೆ. ನಾನು ಹೇಳುತ್ತಿರುವ ಧಾರಾವಾಹಿಯಲ್ಲಿ ಕಾಣುತ್ತಿದ್ದದ್ದು ನಿಜವಾಗಿಯೂ ನಮ್ಮ ಮನೆ. ಕುಂಬಾರಕೊಪ್ಪಲಿನ ನಮ್ಮ ನಡುಮನೆ, ನಮ್ಮ ಕೆಂಪು ಗಾರೆ ನೆಲ, ನಮ್ಮ ಕಿಟಕಿಯ ಹಸಿರು ಸರಳು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದವರು ನಮ್ಮ ಅಪ್ಪ. ಅಪ್ಪ ಆಗ ಬದುಕಿದ್ದರು. ಈಗಲೂ ಬದುಕಿದ್ದಾರೆ, ಹಿನಕಲ್‌ನಲ್ಲಿ.

ಅಪ್ಪ ಮನೆ ಬಿಟ್ಟದ್ದಕ್ಕೆ ಹೇಳಿಕೊಳ್ಳುವಂಥ ಕಥೆಯಿಲ್ಲ. ಹಿನಕಲ್‌ನಲ್ಲಿ ಅವರದ್ದು ಮೋಟಾರು ರಿಪೇರಿ ಅಂಗಡಿ. ಕೆಲಸ ಜಾಸ್ತಿಯಾಯಿತೆಂದು ಕೆಲವು ರಾತ್ರಿ ಅಂಗಡಿಯ ಹಿಂದಿನ ರೂಮಿನಲ್ಲೇ ಮಲಗಿದರು. ಆಮೇಲೆ ಭಾನುವಾರ ಮಾತ್ರ ಬಂದರು. ಆಮೇಲೆ ಶರ್ಟುಗಳು ಹೋದವು, ಶೇವಿಂಗ್ ಸೆಟ್ಟು ಹೋಯಿತು, ಭಾನುವಾರವೂ ಹೋಯಿತು. ಜಗಳ ಆಗಲಿಲ್ಲ. ಇನ್ನೊಬ್ಬ ಹೆಂಗಸೂ ಇರಲಿಲ್ಲ. ಇದ್ದಿದ್ದರೆ ಬೀದಿಯವರಿಗೆ ಹೇಳಲು ಏನಾದರೂ ಸಿಗುತ್ತಿತ್ತು. ಇಲ್ಲಿಂದ ಹಿನಕಲ್‌ಗೆ ಬೈಕಿನಲ್ಲಿ ಕಾಫಿ ಆರುವಷ್ಟು ಹೊತ್ತಿನ ದಾರಿ. ಅಷ್ಟು ಹತ್ತಿರ ಇದ್ದುಕೊಂಡು ಬಾರದವರ ಬಗ್ಗೆ ಅಮ್ಮ ಯಾರು ಕೇಳಿದರೂ “ಅಂಗಡೀಲಿ ಕೆಲಸ ಜಾಸ್ತಿ” ಎನ್ನುತ್ತಿದ್ದಳು.

ಮನೆಯಲ್ಲಿ ಉಳಿದದ್ದು ಅಮ್ಮ, ನಾನು ಮತ್ತು ಅಜ್ಜಿ. ಅಜ್ಜಿ ಅಪ್ಪನ ತಾಯಿ. ಮಗ ಹೋದರೂ ಅವಳು ಸೊಸೆಯ ಹತ್ತಿರವೇ ಉಳಿದಳು, ಸೊಸೆಯ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಒಂದು ಲೆಕ್ಕಾಚಾರದಿಂದ: ಮಗ ವಾಪಸು ಬಂದರೆ ಈ ಮನೆಗೇ ತಾನೇ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅವನು ಬಂದು, ಉಳಿಯಬೇಕು.

ಶೂಟಿಂಗ್‌ನವರು ಹಳೆಯ ನಡುಮನೆಯೊಂದನ್ನು ಹುಡುಕಿಕೊಂಡು ನಮ್ಮ ಬೀದಿಗೆ ಬಂದಾಗ ಅಮ್ಮ ಒಪ್ಪಿಕೊಂಡಳು. ಶೂಟಿಂಗ್ ಇದ್ದ ದಿನ ನಾವು ಮೂವರೂ ಹಿತ್ತಿಲಿನಲ್ಲಿರಬೇಕು. ಕುಕ್ಕರ್ ಕೂಗಬಾರದು, ಮಿಕ್ಸಿ ಹಾಕಬಾರದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಒಗೆಯುವ ಕಲ್ಲಿನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ, ನಮ್ಮದೇ ನಡುಮನೆಯಲ್ಲಿ ಬೇರೆಯವರು ಜಗಳವಾಡುವುದನ್ನು ಕೇಳಿಸಿಕೊಳ್ಳುತ್ತಿದ್ದೆವು.

ಕಥೆಯ ಕುಟುಂಬ ಹೀಗಿತ್ತು: ಗಂಡ ತೀರಿಕೊಂಡ ಬಾಯಿಬಡುಕಿ ತಾಯಿ, ಒಂದೇ ಫ್ರಿಜ್ಜಿಗೆ ಎರಡು ಬೀಗ ಹಾಕಿಕೊಂಡ ಇಬ್ಬರು ಗಂಡುಮಕ್ಕಳು, ಯುಗಾದಿಗೆಂದು ಬಂದು ದೀಪಾವಳಿ ಕಳೆದರೂ ಹೊರಡದ ಅಳಿಯ. ಜಗಳ ಜೋರಾದಾಗ ತಾಯಿ ಗೋಡೆಯ ಮೇಲಿನ ಗಂಡನ ಫೋಟೊ ಕಡೆ ತಿರುಗಿ, “ನೋಡ್ಕೊಂಡು ನಗ್ತಾ ಇದೀರಲ್ಲ, ಇಳಿದು ಬಂದು ಇವರಿಗೆ ಎರಡು ಬಾರಿಸಬಾರ್ದಾ” ಎನ್ನುವುದು ಪ್ರತಿ ಕಂತಿನಲ್ಲೂ ಇರುತ್ತಿತ್ತು. ಅವರು ತಂದಿದ್ದ ಯಾರದ್ದೋ ಫೋಟೊ ಶುರುವಿನಲ್ಲೇ ಲೈಟಿನ ಸ್ಟ್ಯಾಂಡು ತಗುಲಿ ಬಿದ್ದು ಹಾಳಾಯಿತು. ಮ್ಯಾನೇಜರು ಹಿತ್ತಿಲಿಗೆ ಬಂದು, ಮನೆಯಲ್ಲಿ ಯಾರಾದರೂ ಹಿರಿಯರ ಫೋಟೊ ಇದೆಯೇ ಎಂದು ಕೇಳಿದರು. ಅಮ್ಮ ಒಳಗೆ ಹೋಗಿ ಬೀರುವಿನ ಮೇಲಿಂದ ಅಪ್ಪನ ಫೋಟೊ ತಂದಳು. ಸೆರಗಿನಿಂದ ಗಾಜು ಒರೆಸಿದಳು.

“ಹಾರ ಹಾಕ್ಬೇಕಾಗತ್ತೆ ಅಮ್ಮ. ಇವರು ಇದಾರಾ, ತೀರ್ಕೊಂಡಿದಾರಾ?”

“ಹಾರ ಎಂಥದು?”

“ಪ್ಲಾಸ್ಟಿಕ್ದು.”

“ಹಾಗಾದ್ರೆ ಹಾಕ್ಕೊಳಿ.”

ಕೇಳಿದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ ಎನ್ನುವುದು ಮ್ಯಾನೇಜರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಅಜ್ಜಿ ಈಗ ರಂಪ ಮಾಡುತ್ತಾಳೆ ಎಂದುಕೊಂಡೆ. ಬದುಕಿರುವ ಮಗನ ಪಟಕ್ಕೆ ಹಾರ ಹಾಕುವುದನ್ನು ಯಾವ ತಾಯಿ ಸಹಿಸುತ್ತಾಳೆ? ಅವಳು ಅವರೆಕಾಯಿಯಿಂದ ಕಣ್ಣೆತ್ತದೆ, “ನೇತಾಕ್ಲಿ ಬುಡು. ನಡುಮನೇಲಿ ಅವನ ಮುಖ ಕಂಡು ಏಸು ಕಾಲ ಆಯ್ತು” ಎಂದಳು. ಅದು ಬರೀ ಕಾಗದ, ಬರೀ ಗಾಜು, ಶಕುನ ಅಪಶಕುನ ಎಲ್ಲ ಸುಳ್ಳು ಎಂದು ನಾನು ವಾದ ಶುರುಮಾಡಿದೆ. ಎದುರು ಪಕ್ಷವೇ ಇರಲಿಲ್ಲವಾದ್ದರಿಂದ ಅದು ಬೇಗ ಮುಗಿಯಿತು.

ಶೂಟಿಂಗ್ ಮುಗಿದ ಮೇಲೆ ಫೋಟೊವನ್ನೂ ಹಾರವನ್ನೂ ಅವರು ತಮ್ಮ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನಮ್ಮ ಗೋಡೆಯಲ್ಲಿ ಮೊಳೆ ಮಾತ್ರ ಉಳಿಯುತ್ತಿತ್ತು. ಟಿವಿ ಇದ್ದದ್ದು ಅದೇ ಮೊಳೆಯ ಕೆಳಗೆ. ಹಾಗಾಗಿ ಸಂಜೆ ಧಾರಾವಾಹಿ ಬರುವಾಗ ಟಿವಿಯೊಳಗಿನ ಗೋಡೆಯಲ್ಲಿ ಅಪ್ಪ ಇರುತ್ತಿದ್ದರು, ಟಿವಿಯ ಮೇಲಿನ ಗೋಡೆಯಲ್ಲಿ ಇರುತ್ತಿರಲಿಲ್ಲ. ದೆವ್ವಗಳನ್ನು ನಾನು ನಂಬುವುದಿಲ್ಲ. ದೆವ್ವವಾಗಲು ಮೊದಲು ಸಾಯಬೇಕು, ಅಪ್ಪ ಸತ್ತಿರಲಿಲ್ಲ. ವಾದ ಅಲ್ಲಿಗೆ ಮುಗಿಯಬೇಕಿತ್ತು. ಆದರೂ ಧಾರಾವಾಹಿ ಶುರುವಾಗುವ ಮುಂಚೆ ನಡುಮನೆಯ ಎಲ್ಲ ಲೈಟುಗಳನ್ನೂ ನಾನೇ ಎದ್ದು ಹಾಕುತ್ತಿದ್ದೆ. ಕುಟುಂಬ ಕೂಗಾಡುತ್ತಿದ್ದರೆ ಅಜ್ಜಿಯ ಕಣ್ಣು ಅವರ ತಲೆಯ ಮೇಲಿನ ಮೂಲೆಯಲ್ಲಿರುತ್ತಿತ್ತು. ಕ್ಯಾಮೆರಾ ಅಡುಗೆಮನೆಗೆ ಹೋದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಜನ ನಗುವುದು ತಮ್ಮ ಮನೆ ಕಂಡು ಎನ್ನುವುದು ಸುಳ್ಳು ಎಂದು ನನಗೆ ಗೊತ್ತಾದದ್ದು ಆ ಸಂಜೆಗಳಲ್ಲಿ. ಆ ಕುಟುಂಬದಲ್ಲಿ ಒಬ್ಬರಿಗೊಬ್ಬರು ಆಗುವುದಿಲ್ಲ, ಬಾಯಿಗೆ ಬಂದದ್ದು ಬೈದುಕೊಳ್ಳುತ್ತಾರೆ. ಅಳಿಯ ವಾರಕ್ಕೊಮ್ಮೆ ಸೂಟ್‌ಕೇಸು ಹಿಡಿದು ಹೊರಟೇ ಬಿಡುತ್ತಾನೆ. ಮುಂದಿನ ಕಂತಿನಲ್ಲಿ ಮೊದಲ ದೋಸೆ ಅವನ ತಟ್ಟೆಯಲ್ಲೇ ಇರುತ್ತದೆ. ಯಾರೂ ಬುದ್ಧಿ ಕಲಿಯುವುದಿಲ್ಲ, ಯಾರೂ ಕ್ಷಮೆ ಕೇಳುವುದಿಲ್ಲ, ಯಾರೂ ಹೋಗುವುದಿಲ್ಲ. ಸತ್ತವನು ಕೂಡ ಗೋಡೆ ಬಿಟ್ಟು ಹೋಗಿಲ್ಲ. ನಮ್ಮ ಮನೆಯಲ್ಲಿ ಯಾರೂ ದನಿ ಎತ್ತಿದವರಲ್ಲ. ಊಟ ಆಯ್ತಾ, ಆಯ್ತು, ಹೋಗ್ಬರ್ಲಾ, ಹ್ಞೂಂ. ಅಷ್ಟು ಮರ್ಯಾದೆಯ ಮನೆಯಿಂದ ಒಬ್ಬರು ಸದ್ದಿಲ್ಲದೆ ಎದ್ದುಹೋದರು. ತಮಗೆ ಸಿಗದ ಮನೆಯನ್ನು ಕಂಡು ಜನ ನಗುತ್ತಾರೆ ಎನ್ನುವುದು ನನ್ನ ಮಂಡನೆ. ಅಂಥ ಕಿತ್ತಾಟವನ್ನೂ ತಡೆದುಕೊಂಡು ನಿಂತಿರುವ ಮನೆ.

ಹಾಲಿನ ಬೂತಿನಲ್ಲಿ ಪಕ್ಕದ ರಸ್ತೆಯವರೊಬ್ಬರು ಅಮ್ಮನ ಹಣೆಯ ಕುಂಕುಮ ನೋಡಿ ಗಲಿಬಿಲಿಗೊಂಡು, “ಯಾವಾಗ ಹೋದ್ರು, ನಮಗೆ ಗೊತ್ತೇ ಆಗ್ಲಿಲ್ವಲ್ಲ” ಎಂದರಂತೆ. ಅದು ಧಾರಾವಾಹಿ ಕಣ್ರೀ ಎಂದು ಅಮ್ಮ ಹಾಲು ತಗೊಂಡು ಬಂದಳು. ಹಿನಕಲ್‌ನಲ್ಲೂ ಜನ ನೋಡುತ್ತಿದ್ದರು. ಬಹಳ ಕಾಲದ ಮೇಲೆ ಅಪ್ಪ ನನಗೆ ಫೋನು ಮಾಡಿದರು. ಅವರು ಮೋಟಾರು ಬಿಚ್ಚುತ್ತಿದ್ದರೆ ಗಿರಾಕಿಗಳು, ಸ್ವರ್ಗದಲ್ಲಿ ಕರೆಂಟು ಸರಿಯಾಗಿ ಬರತ್ತಾ ಸ್ವಾಮಿ ಎಂದು ಕೇಳುತ್ತಾರಂತೆ. ತೆಗೆಸಮ್ಮ ಅದನ್ನ ಎಂದರು. ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡಳು.

“ದಿನಾ ಸಂಜೆ ಮನೇಗೆ ಬತ್ತಿದೀಯ ಕಣಪ್ಪ. ಅಂಗೇ ಇರ್ಲಿ ಬುಡು, ತೆಗ್ಸ್‌ಬ್ಯಾಡ.”

 ಅಪ್ಪ ಫೋನು ಇಟ್ಟರು.

ಮುಂದಿನ ಶೂಟಿಂಗ್‌ನ ದಿನ, ಮಧ್ಯಾಹ್ನ, ನಾವು ಹಿತ್ತಿಲಲ್ಲಿದ್ದೆವು. ಒಳಗಿನ ಜಗಳ ಇದ್ದಕ್ಕಿದ್ದಂತೆ ನಿಂತಿತು. ಯಾರೂ ಕಟ್ ಎಂದು ಕೂಗಲಿಲ್ಲ. ಅಡುಗೆಮನೆಯಿಂದ ಇಣುಕಿದೆ. ವಿಧವೆಯ ಪಾತ್ರದಾಕೆ ಅಳಿಯನತ್ತ ಬೆರಳೆತ್ತಿದವರು ಹಾಗೇ ಬೀದಿ ಬಾಗಿಲ ಕಡೆ ನೋಡುತ್ತಾ ನಿಂತಿದ್ದರು. ಬಾಗಿಲಲ್ಲಿ ಅಪ್ಪ ಇದ್ದರು, ಕೈಯಲ್ಲಿ ಹೆಲ್ಮೆಟ್ಟು, ಉಗುರುಗಳಲ್ಲಿ ಗ್ರೀಸು. ಆಕೆ ತಿಂಗಳುಗಟ್ಟಲೆ ಮಾತಾಡಿಸಿದ್ದ ಮುಖ. ಇಳಿದು ಬನ್ನಿ ಎಂದು ಕರೆದಿದ್ದ ಮುಖ. ಆಕೆಯ ಬೆರಳು ನಿಧಾನವಾಗಿ ಇಳಿದು ಸೆರಗನ್ನು ಹೆಗಲ ತುಂಬ ಎಳೆದುಕೊಂಡಿತು. ಸೋಫಾದಲ್ಲಿದ್ದ ಮಕ್ಕಳ ಪಾತ್ರದ ಇಬ್ಬರೂ ಎದ್ದು ನಿಂತರು. ಅಪ್ಪ, ಬೇರೆಯವರ ಮನೆಗೆ ಬಂದವರ ಹಾಗೆ, ಎಲ್ಲರಿಗೂ ನಮಸ್ಕಾರ ಮಾಡಿದರು.

ಅಜ್ಜಿ ನನ್ನನ್ನು ಸರಿಸಿಕೊಂಡು ಲೈಟುಗಳ ನಡುವೆ ಹೋದಳು.

“ಬಂದ್ಯಾ. ಕೂತ್ಕೊ.”

“ಫೋಟೊ ತಗೊಂಡೋಗೋಣ ಅಂತ ಬಂದೆ ಅವ್ವ.”

“ಅದು ಈ ಮನೇದು. ನೀನು ಇರ್ತೀನಿ ಅನ್ನು, ಅದ್ನ ಈಗ್ಲೇ ಒಡ್ದಾಕ್ತೀನಿ. ಇರಕಿಲ್ಲ ಅನ್ನು, ಅದಿರ್ಲಿ. ಎರಡೂ ಕೊಡಕಿಲ್ಲ ಅಂದ್ರೆ ಎಂಗೆ ಮಗ?”

ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ. ಇದಕ್ಕಿಂತ ನೇರವಾದ ವಾದ ಕೇಳಿಲ್ಲ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನನ್ನ ಹಿಂದೆ ನಿಂತಿದ್ದ ಅಮ್ಮನನ್ನು ನೋಡಿ, ಊಟ ಆಯ್ತಾ ಎಂದು ಕೇಳಿದರು. ಅಮ್ಮ, ಆಯ್ತು ಎಂದಳು. ಅಷ್ಟೇ. ಅಪ್ಪ ಚಪ್ಪಲಿ ಬಿಟ್ಟು, ಸ್ಟೂಲು ಎಳೆದುಕೊಂಡು ಹತ್ತಿ ಫೋಟೊ ಇಳಿಸಿದರು. ಹಾರ ಬಿಡಿಸಿ, ಎಲ್ಲಿಡುವುದೆಂದು ತಿಳಿಯದೆ, ವಿಧವೆಯ ಪಾತ್ರದಾಕೆಯ ಕೈಗೆ ಕೊಟ್ಟರು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಬೈಕು ಬೀದಿಯ ತಿರುವಿನಲ್ಲಿ ಗೇರು ಬದಲಿಸುವುದು ನಮಗೆಲ್ಲ ಕೇಳಿಸಿತು.

ಧಾರಾವಾಹಿಯವರು ಗೋಡೆಗೆ ಇನ್ಯಾರದ್ದೋ ಫೋಟೊ ಹಾಕಿಕೊಂಡರು. ಅಪ್ಪ ಬದಲಾದದ್ದನ್ನು ಆ ಕುಟುಂಬದಲ್ಲಿ ಯಾರೂ ಗಮನಿಸಲಿಲ್ಲ. ತಾಯಿ ಹೊಸ ಮುಖಕ್ಕೂ ಅದೇ ಮಾತು ಹೇಳಿದರು. ಆದರೆ ಅವತ್ತಿನ ದೃಶ್ಯವನ್ನು ಅವರು ಬಿಸಾಡಲಿಲ್ಲ. ಬೆರಳೆತ್ತಿದಾಕೆ ಬಾಗಿಲ ಕಡೆ ನೋಡಿ ಬಿಳಿಚಿಕೊಳ್ಳುವುದನ್ನು ಹಾಗೇ ಇಟ್ಟು, ಅಳಿಯನ ತಾಯಿಯೂ ಪೆಟ್ಟಿಗೆ ಸಮೇತ ಬಂದಿಳಿದಳು ಎಂದು ಮುಂದಕ್ಕೆ ಹೊಂದಿಸಿ, ಆ ಮುಖದ ಮೇಲೆ ನಗು ಸುರಿದಿದ್ದಾರೆ. ಎಲ್ಲೋ ಕೂತ ನೂರಾರು ಜನ ನಕ್ಕ ಹಾಗೆ ಕೇಳುತ್ತದೆ.

ಆ ಕಂತು ಮೊಬೈಲಿನಲ್ಲಿ ಈಗಲೂ ಸಿಗುತ್ತದೆ. ಅಜ್ಜಿ ಆಗಾಗ ಹಾಕು ಎನ್ನುತ್ತಾಳೆ. ಮೊನ್ನೆಯೂ ಕೇಳಿದಳು. ಆ ಜಾಗ ಬಂದೊಡನೆ, ನಿಲ್ಸು ಎಂದಳು. ನಿಲ್ಲಿಸಿದೆ. ಅವಳು ಆಕೆಯ ಮುಖ ನೋಡಲಿಲ್ಲ, ಬೀದಿ ಬಾಗಿಲು ಇರಬೇಕಾದ ಕಡೆ, ಪರದೆಯ ಎಡಗಡೆಯ ಅಂಚನ್ನೇ ನೋಡುತ್ತಿದ್ದಳು.

“ಇನ್ನೊಂಚೂರು ಈ ಕಡೆ ತೋರ್ಸಕಾಗಲ್ವಾ?”

ಕ್ಯಾಮೆರಾ ಹಿಡಿದದ್ದು ಇಷ್ಟೇ ಅಜ್ಜಿ, ಅದರಾಚೆ ಏನೂ ಇಲ್ಲ ಎಂದು ನಾನು ಬಿಡಿಸಿ ಹೇಳಿದೆ.

“ಏನೂ ಇಲ್ದೆ ಏನು. ಅಲ್ಲೇ ನಿಂತವ್ನೆ ಕಣೆ,” ಎಂದಳು. “ಬಂದವ್ನೆ. ಇನ್ನೂವೆ ಫೋಟೊ ಕೇಳಿಲ್ಲ.”

ಪರದೆ ಮಂಕಾಗತೊಡಗಿತು. ಆರಿಹೋಗದಂತೆ ಮೆಲ್ಲಗೆ ಬೆರಳು ಮುಟ್ಟಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಮುಟ್ಟಿಸಿದೆ.