ಅಮ್ಮನ ಕಣ್ಣಿನ ಬಣ್ಣ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಇವರನ್ನು ಜನ ಕಣ್ಣಿನ ಡಾಕ್ಟರು ಎಂದೇ ಕರೆಯುತ್ತಾರೆ. ಮದ್ದು ಗಿದ್ದು ಏನೂ ಇಲ್ಲ. ಯಾರ ಕಣ್ಣು ಹೇಗೇ ಇರಲಿ, ಇವರ ಕಂಪ್ಯೂಟರಿನೊಳಗೆ ಒಮ್ಮೆ ಹೋಗಿ ಬಂದರೆ ಬಿಳಿ ಭಾಗ ಬೆಳ್ಳಗೆ, ಕಪ್ಪು ಭಾಗ ಕಾಡಿಗೆಯ ಹಾಗೆ ಕಪ್ಪಗೆ. ಪಾಳಿ ಮುಗಿಸಿಕೊಂಡು ಕೆಂಡದಂಥ ಕಣ್ಣು ಹೊತ್ತು ಬಂದ ಕಾವಲುಗಾರನೂ ಇಲ್ಲಿಂದ ಹೋಗುವಾಗ ವಾರವಿಡೀ ಮಲಗೆದ್ದವನ ಫೋಟೊ ಹಿಡಿದುಕೊಂಡು ಹೋಗುತ್ತಾನೆ.

ಕೆಲಸ ನೋಡುವಂಥದ್ದೇ. ಪರದೆಯ ತುಂಬ ಒಂದೇ ಒಂದು ಕಣ್ಣು ಬರುವಷ್ಟು ದೊಡ್ಡದು ಮಾಡುತ್ತಾರೆ. ಮೌಸ್ ಹಿಡಿದು ಕಣ್ಣುಗುಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಒಳಗೆ ಬಣ್ಣ ಸುರಿಯುತ್ತಾರೆ. ಕಣ್ಣೊಳಗೆ ಹೊಳೆಯುವ ಬೆಳಕಿನ ಚುಕ್ಕೆಯನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಅಳಿಸಿದರೆ ಬದುಕಿದ್ದವರೂ ಸತ್ತವರ ಹಾಗೆ ಕಾಣುತ್ತಾರೆ ಎಂಬುದು ಇವರ ಸಿದ್ಧಾಂತ. ಕಾಲೇಜಿನ ಹುಡುಗಿಯರು ನೀಲಿ ಕಣ್ಣು ಬೇಕೆಂದರೆ ಅದನ್ನೂ ಮಾಡಿಕೊಡುತ್ತಾರೆ. ನಿಮ್ಮ ಮನೆಯ ನಾಯಿಗೆ ಗುರುತು ಸಿಕ್ಕರೆ ಸಾಕಮ್ಮ ಎಂದು ಒಂದು ಮಾತು ಸೇರಿಸಿ. ಊರವರ ಕಣ್ಣನ್ನೆಲ್ಲ ಇಷ್ಟು ಹತ್ತಿರದಿಂದ ನೋಡುವ ಮನುಷ್ಯನಿಗೆ ತಾನು ಹೊಸ ಕನ್ನಡಕ ಹಾಕಿಕೊಂಡು ವಾರವಿಡೀ ಎದುರಿಗೇ ಓಡಾಡಿದರೂ ಕಾಣಲಿಲ್ಲ ಎಂಬುದು ಹೆಂಡತಿಯ ದೂರು. ಅದು ನಿಜವೇ.

ಇಂಥವರಿಗೆ ಒಬ್ಬಳು ಮೊಮ್ಮಗಳು ಹುಟ್ಟಿದಳು. ಮೊದಮೊದಲು ಮಸುಕಾಗಿದ್ದ ಅವಳ ಕಣ್ಣು, ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ತಿಳಿಬೂದು ಬಣ್ಣಕ್ಕೆ ಬಂದು ನಿಂತಿತು. ಆ ಬೂದು ಬಣ್ಣದೊಳಗೆ ಒಂಚೂರು ಹಸಿರು. ಎರಡೂ ಮನೆಗಳಲ್ಲಿ ಕಣ್ಣಿಗೆ ಬೀಳುವವರೆಲ್ಲ ಕಪ್ಪುಗಣ್ಣಿನವರೇ. ಹಾಗಾದರೆ ಇದು ಯಾರ ಕಣ್ಣು?

ಬೀಗರು, ಅಂದರೆ ಮಗಳ ಮಾವ, ತಡಮಾಡಲಿಲ್ಲ. ಅವರು ಆಯುಷ್ಯವಿಡೀ ಡ್ರೈವಿಂಗ್ ಕಲಿಸಿದ ಮನುಷ್ಯ. ಮಾತಿನಲ್ಲೂ ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಡುವವರಲ್ಲ. ಭಾನುವಾರ ಸೊಸೆ ಮೊಮ್ಮಗಳ ಜೊತೆ ಬಂದವರು, ಕುರ್ಚಿಯಲ್ಲಿ ಕೂರುವ ಮೊದಲೇ, ಇದು ತಮ್ಮ ತಾತನ ಕಣ್ಣು ಎಂದು ತೀರ್ಪು ಕೊಟ್ಟರು. ತಾತ ಒಂದು ಸಲ ದಿಟ್ಟಿಸಿದರೆ ಬೀದಿಯಲ್ಲಿ ಹೋಗುವವರು ಹಾಗೇ ನಿಂತುಬಿಡುತ್ತಿದ್ದರಂತೆ.

ಡಾಕ್ಟರು ಮೆಲ್ಲಗೆ, "ಇದು ನಮ್ಮಮ್ಮನ ಕಣ್ಣು" ಎಂದರು.

ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಲ್ಲಿ ಚೌಕಟ್ಟಿನೊಳಗೆ ಅಮ್ಮ ಕೂತಿದ್ದರು, ಕಾಡಿಗೆಯ ಹಾಗೆ ಕಪ್ಪಗಿನ ಕಣ್ಣು ಬಿಟ್ಟುಕೊಂಡು. ಬೀಗರು ಹುಬ್ಬೇರಿಸಿ, ಗೆದ್ದವರ ಹಾಗೆ ಕುರ್ಚಿಯಲ್ಲಿ ಕೂತರು.

"ಅಜ್ಜಿ ಕಣ್ಣು ಕಪ್ಪಲ್ವಾ ಅಪ್ಪ?" ಎಂದಳು ಮಗಳು. ಅಜ್ಜಿ ತೀರಿಕೊಂಡಾಗ ಅವಳಿನ್ನೂ ತೊದಲು ಮಾತಾಡುವ ಮಗು. ಅವಳು ಬಲ್ಲ ಅಜ್ಜಿ ಈ ಗೋಡೆಯ ಅಜ್ಜಿ ಮಾತ್ರ.

ಡಾಕ್ಟರ ಮುಖ ಸಪ್ಪಗಾಯಿತು. ಏಕೆಂದರೆ ಆ ಕಣ್ಣನ್ನು ಕಪ್ಪು ಮಾಡಿದ್ದು ಅವರೇ. ಸ್ಟುಡಿಯೊಗೆ ಕಂಪ್ಯೂಟರ್ ಬಂದ ಹೊಸತು. ಕೈ ತುರಿಸುತ್ತಿತ್ತು. ಕಲಿತ ವಿದ್ಯೆಯನ್ನು ಮೊದಲು ತೋರಿಸಲು ಅಮ್ಮನಿಗಿಂತ ಯೋಗ್ಯರು ಇನ್ಯಾರು? ಚಿಕ್ಕಂದಿನಿಂದ ಬೆಕ್ಕಿನ ಕಣ್ಣಿನವಳೆಂದು ಕರೆಸಿಕೊಂಡ ಅಮ್ಮ ಖುಷಿಪಡುತ್ತಾಳೆಂದು ಕಪ್ಪು ಬಣ್ಣ ಸುರಿದು, ಚೌಕಟ್ಟು ಹಾಕಿಸಿ ಕೊಟ್ಟರು. ಅಮ್ಮ ಬಹಳ ಹೊತ್ತು ನೋಡಿ, ಚೆನ್ನಾಗಿದಾಳೆ, ಯಾರಪ್ಪ ಇವಳು ಎಂದು ಕೇಳಿದ್ದರು. ಮಗ ನಕ್ಕಿದ್ದ. ಅಮ್ಮನೂ ನಕ್ಕಿದ್ದರು. ಆಮೇಲೆ ತೆಗೆದ ಫೋಟೊಗಳಿಗೂ ಅದೇ ಚಿಕಿತ್ಸೆ ನಡೆಯಿತು. ಹೊಸಬರ ಬುದ್ಧಿ, ತಿದ್ದಿದ ಫೋಟೊವನ್ನು ಪ್ರತಿ ಸಲವೂ ಮೂಲದ ಮೇಲೆಯೇ ಸೇವ್ ಮಾಡಿದ್ದರು. ಅದಕ್ಕೂ ಹಿಂದೆ ಅಮ್ಮ ಫೋಟೊಗೆ ಕೂತಿದ್ದು ಕಪ್ಪು ಬಿಳುಪಿನ ಕಾಲದಲ್ಲಿ ಮಾತ್ರ. ಗುರುತಿನ ಚೀಟಿಯ ಫೋಟೊ ತೆಗೆದವರೂ ಇವರೇ ಆದ್ದರಿಂದ ಸರ್ಕಾರದ ಲೆಕ್ಕದಲ್ಲೂ ಅಮ್ಮ ಕಪ್ಪುಗಣ್ಣಿನವರು. ಸಾಕ್ಷಿಯನ್ನು ಇಷ್ಟು ಚೊಕ್ಕವಾಗಿ ಅಳಿಸಲು ಕಳ್ಳರಿಗೂ ಆಗುವುದಿಲ್ಲ.

ಬೀಗರು ಹೊರಟ ಮೇಲೆ ಡಾಕ್ಟರು ಹೆಂಡತಿಯನ್ನು ಹಿಡಿದುಕೊಂಡರು. ಅತ್ತೆಯ ಜೊತೆ ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆಯಲ್ಲ, ಕಣ್ಣು ಯಾವ ಬಣ್ಣ ಇತ್ತು ನೀನಾದರೂ ಹೇಳು.

"ಕೆಂಪು" ಎಂದರು ಹೆಂಡತಿ, ಪಾತ್ರೆ ಒರೆಸುತ್ತ. "ನಾನು ನೋಡಿದಾಗೆಲ್ಲ ಕೆಂಪಗೇ ಇತ್ತು ರೀ."

ಬೀಗರೆದುರು ಸೋತಿದ್ದು ಚುಚ್ಚುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಿನ ಸಂಕಟ ಬೇರೆ ಇತ್ತು. ಅಮ್ಮ ಇಷ್ಟು ವರ್ಷಗಳ ಮೇಲೆ ಮಗುವಿನ ಮುಖದಲ್ಲಿ ಮನೆಗೆ ಬಂದಿದ್ದಾಳೆ, ತಮ್ಮ ಮಗಳಿಗೇ ಅಜ್ಜಿಯ ಗುರುತಿಲ್ಲ. ಮಗಳು ಒಮ್ಮೆ ನಂಬಿದರೆ ಸಾಕಿತ್ತು. ಉಳಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಮಾರನೆಯ ದಿನ ಅಂಗಡಿಯಲ್ಲಿ ಅಮ್ಮನ ಫೋಟೊವನ್ನು ಪರದೆಗೆ ತಂದುಕೊಂಡು ಕೂತರು. ಕಪ್ಪು ತೆಗೆದು ಬೂದು ಹಾಕಿದರು. ಅಮ್ಮನಿಗೆ ಕಾಯಿಲೆ ಬಂದ ಹಾಗೆ ಕಂಡಿತು. ಹಸಿರು ಬೆರೆಸಿದರು. ಯಾರೋ ನಾಟಕದವಳಂತೆ ಕಂಡಳು. ಸಾವಿರಾರು ಜನರ ಕಣ್ಣಿಗೆ ಬಣ್ಣ ಹಾಕಿದ ಕೈಗೆ ಹೆತ್ತ ತಾಯಿಯ ಕಣ್ಣಿನ ಬಣ್ಣ ನೆನಪಾಗಲಿಲ್ಲ. ಅವರಿಗೆ ನಾಚಿಕೆಯಾಯಿತು. ಕೊನೆಗೆ ಮೊಮ್ಮಗಳ ಫೋಟೊ ತೆರೆದು, ಅವಳ ಕಣ್ಣಿನಿಂದ ಒಂದು ಚಿಟಿಕೆ ಬಣ್ಣ ಎತ್ತಿಕೊಂಡು ಅಮ್ಮನ ಕಣ್ಣಿಗೆ ಸುರಿದರು. ಪರವಾಗಿಲ್ಲ ಅನ್ನಿಸಿತು. ಪರವಾಗಿಲ್ಲ, ಅಷ್ಟೇ.

ಮುಂದಿನ ಭಾನುವಾರ ಬೀಗರು ಬರುವಷ್ಟರಲ್ಲಿ ಗೋಡೆಯ ಮೇಲೆ ಹೊಸ ಫೋಟೊ ಇತ್ತು. ಬೀಗರು ಕೈ ಹಿಂದೆ ಕಟ್ಟಿಕೊಂಡು ಹತ್ತಿರ ಹೋಗಿ ನೋಡಿದರು.

"ಕೆಲಸ ಅಂದ್ರೆ ಇದು ಬೀಗರೇ. ನಮ್ಮ ತಾತಂದೂ ಒಂದು ಹಳೇ ಫೋಟೊ ಇದೆ. ಅದಕ್ಕೂ ಇದೇ ಕಣ್ಣು ಹಾಕ್ಕೊಟ್ಬಿಡಿ."

ಅವರು ಅಣಕಿಸಲಿಲ್ಲ, ಮನಸಾರೆ ಹೇಳಿದ್ದು. ಊರಿಗೆಲ್ಲ ಸುಳ್ಳು ಕಣ್ಣು ಹಂಚಿದ ಮನುಷ್ಯ ಮೊದಲ ಬಾರಿ ನಿಜ ತೋರಿಸಲು ಹೊರಟರೆ ಸಿಕ್ಕಿದ್ದು ಶಹಬ್ಬಾಸ್‌ಗಿರಿ. ತಾತನ ಫೋಟೊ ತರಿಸಿಕೊಡುತ್ತೇನೆಂದು ಹೇಳಿ ಬೀಗರು ಹಿತ್ತಿಲ ಗಿಡಗಳನ್ನು ನೋಡಲು ಹೋದರು.

ಮಗಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೋಟೊದ ಎದುರೇ ನಿಂತಿದ್ದಳು.

"ಅಪ್ಪ, ಅಜ್ಜಿ ಕಣ್ಣು ನಿಜವಾಗ್ಲೂ ಹೀಗೇ ಇತ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಗಿರಾಕಿಗಳಿಗೆ ಹಾಗೆ ಎಷ್ಟೋ ಸಲ ಹೇಳಿದ್ದಾರೆ. ಆದರೆ ಮಗಳ ಮುಂದೆ ಹಾಗೆನ್ನಲು ಆಗಲಿಲ್ಲ.

"ಗೊತ್ತಿಲ್ಲಮ್ಮ. ಮರ್ತುಹೋಗಿದೆ. ಮಗು ಕಣ್ಣಿಂದ ಬಣ್ಣ ತಗೊಂಡು ಹಾಕಿದೀನಿ. ಏನೋ ಒಂದು ಕಮ್ಮಿ ಇದೆ, ಏನು ಅಂತ ತಿಳೀತಿಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಬಣ್ಣದ ವಿಷಯದಲ್ಲಿ ಅಪ್ಪನ ಬಾಯಿಂದ ಗೊತ್ತಿಲ್ಲ ಎಂಬ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಮಗುವನ್ನು ತೆಗೆದು ಅವರ ಕೈಗೆ ಕೊಟ್ಟಳು.

"ಕಂಪ್ಯೂಟರ್‌ನಲ್ಲಿ ಬೇಡ. ಇವಳನ್ನೇ ನೋಡು."

ಡಾಕ್ಟರು ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಮಗು ಅವರ ಮೂಗು ಹಿಡಿದುಕೊಂಡು ಬೆಳಕಿಗೆ ಕಣ್ಣರಳಿಸಿತು. ಬೂದು ಅಲ್ಲಿತ್ತು, ಹಸಿರು ಅಲ್ಲಿತ್ತು. ಅದರ ಸುತ್ತ, ಬಿಳಿ ಶುರುವಾಗುವ ಅಂಚಿನಲ್ಲಿ, ದಟ್ಟ ನೀಲಿಯ ತೆಳ್ಳನೆಯ ಬಳೆ ಇತ್ತು. ಇವರು ಗೆರೆ ಎಳೆದು ಒಂದೇ ಬಣ್ಣ ಸುರಿಯುವಾಗ ಮೊದಲು ಮುಚ್ಚಿಹೋಗುವ ಜಾಗ ಅದೇ. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದಾಗ ಹಣೆ ಮುಟ್ಟಲು ಬಾಗುತ್ತಿದ್ದ ಅಮ್ಮನ ಮುಖ, ಅದರೊಳಗಿನ ಆ ನೀಲಿ ಬಳೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು.

"ಅಂಚಲ್ಲಿ ನೀಲಿ ಇತ್ತು ಕಣಮ್ಮ" ಎಂದರು. ದನಿ ಒಡೆಯಿತು. "ಅಮ್ಮಂಗೆ ಅಂಚಲ್ಲಿ ನೀಲಿ ಇತ್ತು."

ಹಿತ್ತಿಲಿನಿಂದ ಬೀಗರ ದನಿ ಕೇಳಿಸಿತು: ಹೌದೌದು, ನಮ್ಮ ತಾತನಿಗೂ ಇತ್ತು. ಮಗಳು ಕಿಟಕಿಯ ಹತ್ತಿರ ಬಂದು, ಅಳುತ್ತಿದ್ದ ಅಪ್ಪನ ಭುಜಕ್ಕೆ ಗಲ್ಲ ಊರಿ, ಮಗುವಿನ ಕಣ್ಣಲ್ಲಿ ಅಜ್ಜಿಯನ್ನು ಮೊದಲ ಬಾರಿ ನೋಡಿದಳು.