ಅಗಲವಾಗಿದ್ದ ಅಚ್ಚು

ಅವತ್ತು ಬುಧವಾರ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿರುವ ನಮ್ಮ ವರ್ಕ್‌ಶಾಪಿಗೆ ನಾನು ಬುತ್ತಿ ಒಯ್ದಾಗ ನನ್ನ ಯಜಮಾನರು ಹೊಸ ಟ್ರೇಲರಿನ ಕೆಳಗೆ ಮಲಗಿ ಗಾಲಿಗಳ ಅಚ್ಚಿಗೆ ವೆಲ್ಡಿಂಗ್ ಮಾಡುತ್ತಿದ್ದರು. ರೈತರ ಟ್ರ್ಯಾಕ್ಟರುಗಳಿಗೆ ಟ್ರೇಲರ್ ಕಟ್ಟುವುದೇ ಅವರ ಕಸುಬು. ಆದರೆ ಇದು ನಮ್ಮದು. ಕುಷ್ಟಗಿಯಲ್ಲಿರುವ ಅವರ ಗೆಳೆಯರೊಬ್ಬರು ಹಿಂದೆ ಲಾರಿ ಓಡಿಸುತ್ತಿದ್ದಾಗ ರಾಜಸ್ಥಾನದ ಮರಳುಗಾಡು ನೋಡಿ ಬಂದಿದ್ದರು. ಆಮೇಲೆ ಅದರ ಮಾತು ಬಿಟ್ಟಿರಲಿಲ್ಲ. ಅವರ ಜೀಪಿನ ಹಿಂದೆ ನೀರು, ಒಲೆ, ಹಾಸಿಗೆ ಹೊತ್ತು ಬರುವ ಟ್ರೇಲರ್ ಕಟ್ಟಿಕೊಂಡು, ನಾವಿಬ್ಬರು, ಅವರು ಗಂಡಹೆಂಡತಿ, ಆ ಮರಳು ದಾಟುವುದೆಂದು ನಿಶ್ಚಯವಾಗಿತ್ತು.

“ಉಣ್ಣಾಕ ಏಳ್ರಿ, ರೊಟ್ಟಿ ಆರತಾವ,” ಅಂದೆ.

“ತಡಿ, ಇದೊಂದು ಮುಗಸ್ತೀನಿ. ಮರಳಾಗ ಅಚ್ಚು ಮುರದ್ರ ನಿನ್ನ ಒಂಟಿ ಮ್ಯಾಲ ಕೂಡ್ರಿಸಿ ಕಳಸಬೇಕಾಗ್ತೈತಿ.”

“ಒಂಟಿ ನಿಮಗಿಂತ ಛಲೋ ಮಾತು ಕೇಳತೈತಿ ಬಿಡ್ರಿ.”

ನಗುತ್ತಲೇ ಎದ್ದು ಬಂದರು. ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡರು. ಸಂಜೆ ಮನೆಗೆ ಬಂದು, ಅಚ್ಚಿನ ಕೆಲಸ ಮುಗಿಯಿತು ಎಂದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತವರು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು.

ಎರಡು ತಿಂಗಳು ನಾನು ವರ್ಕ್‌ಶಾಪಿನ ಬಾಗಿಲು ತೆಗೆಯಲಿಲ್ಲ. ಒಂದು ದಿನ ಕುಷ್ಟಗಿಯಿಂದ ಆ ಗೆಳೆಯರು ಬಂದು ಅಂಗಳದಲ್ಲಿ ನಿಂತು, “ಅಕ್ಕಾರ, ಅದನ್ನ ಗುಜರಿಗೆ ಹಾಕೂದು ಬ್ಯಾಡ್ರಿ. ಹೋಗೂಣು,” ಅಂದರು. ಉಳಿದ ಕೆಲಸಕ್ಕೆ ತಳಕಲ್ ಹಳ್ಳಿಯ ಹಿರಿಯ ಕಮ್ಮಾರರೊಬ್ಬರನ್ನು ಕರೆತಂದರು. ನನ್ನ ಯಜಮಾನರಿಗೆ ಕಬ್ಬಿಣದ ಕೆಲಸ ಕಲಿಸಿದವರು ಅವರೇ. ಹಲಗೆ ಕೂಡಿಸಿ, ಕೊಂಡಿ ಹಾಕಿ, ನೀರಿನ ಡ್ರಮ್ಮುಗಳನ್ನು ತುಂಬಿಸಿ, ಜೀಪಿಗೆ ಕಟ್ಟಿ, ಊರಾಚೆಯ ಒಣಹಳ್ಳದ ಮರಳಿಗೆ ಇಳಿಸಿ ನೋಡಿದೆವು. ಹತ್ತು ಮಾರು ಹೋಗಿರಲಿಲ್ಲ, ಟ್ರೇಲರ್ ಹೂತುಕೊಂಡು ಜೀಪೂ ನಿಂತಿತು.

ಕಮ್ಮಾರರು ಬಾಗಿ ಹಿಂದಿನ ಜಾಡು ನೋಡಿದರು. ಜೀಪಿನ ಗಾಲಿಗಳದು ಎರಡು ಗೆರೆ. ಅದರ ಆಚೆ ಈಚೆ ಟ್ರೇಲರಿನದು ಇನ್ನೆರಡು.

“ಹುಚ್ಚ ಖೋಡಿ, ಹತ್ತಿ ಹೇರೂ ಟ್ರೇಲರ್ ಕಟ್ಯಾನ ನೋಡ!” ಎಂದು ನಕ್ಕರು. ನಗುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ನಮ್ಮ ಕಡೆ ಹತ್ತಿಯನ್ನು ಆಳೆತ್ತರ ಹೇರುತ್ತಾರೆ. ಎರೆಹೊಲದ ತಗ್ಗುದಿನ್ನೆಯಲ್ಲಿ ಉರುಳಬಾರದೆಂದು ಗಾಲಿಗಳನ್ನು ದೂರ ದೂರ ಇಡುತ್ತಾರೆ. ನನ್ನ ಯಜಮಾನರ ಕೈಗೆ ಆ ಅಳತೆಯೇ ರೂಢಿ. ಮರಳಿನಲ್ಲಿ ಹಾಗಲ್ಲ. ಜೀಪು ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಹಿಂದಿನ ಗಾಲಿ ಬರಬೇಕು, ಇಲ್ಲವಾದರೆ ಹೊಸ ಮರಳನ್ನು ಉಳುತ್ತ ಹೋಗುತ್ತದೆ. ಅಚ್ಚಿನ ಎರಡೂ ತುದಿ ಕತ್ತರಿಸಿ ಗಿಡ್ಡ ಮಾಡದೆ ದಾರಿಯಿಲ್ಲ ಎಂದರು ಕಮ್ಮಾರರು.

ಆ ಬುಧವಾರ ನನ್ನ ಯಜಮಾನರು ಬೆಸೆದದ್ದು ಆ ತುದಿಗಳನ್ನೇ. ಅವರ ಕೈಯ ಕೊನೆಯ ಕೆಲಸ. ನಾನು ಬೇಡ ಎಂದೆ. ಮರಳುಗಾಡೂ ಬೇಡ, ಟ್ರೇಲರ್ ಹಾಗೇ ಇರಲಿ ಎಂದೆ.

ಯಾರೂ ಒತ್ತಾಯ ಮಾಡಲಿಲ್ಲ. ಆದರೆ ಕಮ್ಮಾರರು ದಿನಾ ಬೆಳಿಗ್ಗೆ ತಳಕಲ್ಲಿನಿಂದ ಬಸ್ಸಿಗೆ ಬಂದು, ನನ್ನ ಯಜಮಾನರು ಅರ್ಧಕ್ಕೆ ಬಿಟ್ಟುಹೋಗಿದ್ದ ರೈತರ ಕೆಲಸಗಳನ್ನು ಒಂದೊಂದಾಗಿ ಮುಗಿಸತೊಡಗಿದರು. ಅಚ್ಚಿನ ಮಾತು ಎತ್ತಲಿಲ್ಲ. ನಾನು ಚಹಾ ಒಯ್ದು ಕೊಟ್ಟು, ಆ ಟ್ರೇಲರಿನ ಪಕ್ಕದಲ್ಲಿ ಕೂರುತ್ತಿದ್ದೆ. ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದೆ. ಎಂಟೊಂಬತ್ತು ದಿನವಾದ ಮೇಲೆ ನಾನೇ ಕೇಳಿದೆ.

“ಅವರು ಮಾಡಿದ್ದು ತಪ್ಪೇನ್ರಿ, ಅಜ್ಜಾರ?”

“ತಪ್ಪಲ್ಲವ್ವಾ. ನಮ್ಮ ಹೊಲಕ್ಕ ಇದು ಬರೋಬರಿ ಐತಿ. ಮರಳುಗಾಡ ಅಂವಾ ಎಲ್ಲಿ ನೋಡ್ಯಾನ? ನಾ ಎಲ್ಲಿ ನೋಡೀನಿ?” ಚಹಾದ ಲೋಟ ಕೆಳಗಿಟ್ಟರು. “ಅಂವಾ ಇದ್ದಿದ್ರ ಹಳ್ಳದಾಗ ನಕ್ಕಿದ್ದಕ್ಕ ನನಗ ನಾಕು ಬೈದು, ಮಧ್ಯಾಹ್ನದೊಳಗ ತಾನ ಕೊಯ್ದು ಒಗೀತಿದ್ದ.”

ನಿಜ. ನಮ್ಮ ಮನೆಯ ಗೇಟನ್ನೇ ಅವರು ಮೂರು ಸಲ ಕತ್ತರಿಸಿ ಕೂಡಿಸಿದ್ದರು, ಒಂದು ಸಲವೂ ಮರುಗಿರಲಿಲ್ಲ. ನನಗೆ ನಗು ಬಂತು, ಬಹಳ ದಿನಗಳ ಮೇಲೆ. ಜೀಪಿನ ಗಾಲಿಗಳ ಅಳತೆ ಹಿಡಿದು, ಅಚ್ಚಿನ ಮೇಲೆ ಸೀಮೆಸುಣ್ಣದ ಗೆರೆ ನಾನೇ ಎಳೆದೆ. ಗ್ರೈಂಡರಿನ ಕಿಡಿ ಹಾರುವಾಗ ಹೊರಗೆ ಹೋಗಲಿಲ್ಲ.

ಚಳಿಗಾಲದಲ್ಲಿ ಹೊರಟೆವು: ಗೆಳೆಯರು, ಅವರ ಹೆಂಡತಿ, ನಾನು. ಮರಳಿಗೆ ಇಳಿದ ಮೊದಲ ದಿನ ಸ್ವಲ್ಪ ದೂರ ಹೋದ ಮೇಲೆ ಜೀಪು ನಿಲ್ಲಿಸಲು ಹೇಳಿ ಹಿಂದಕ್ಕೆ ನಡೆದೆ. ಎರಡೇ ಗೆರೆ ಇದ್ದವು. ಗೆಳೆಯರ ಹೆಂಡತಿ ಬಂದು ನನ್ನ ಕೈ ಹಿಡಿದು ನಿಂತರು. ಅಡುಗೆಗೆಂದು ಟ್ರೇಲರ್ ಹತ್ತುವಾಗ ಗಮನಕ್ಕೆ ಬಂತು: ಮೆಟ್ಟಿಲನ್ನು ನನ್ನ ಯಜಮಾನರು ಎಲ್ಲ ಟ್ರೇಲರುಗಳಿಗಿಂತ ಕೆಳಗೆ ಇಟ್ಟಿದ್ದರು. ನನ್ನ ಮೊಣಕಾಲು ನೋವು ಅವರಿಗೆ ಗೊತ್ತಿತ್ತು. ಆ ಅಳತೆ ಒಂದಿಷ್ಟೂ ತಪ್ಪಿರಲಿಲ್ಲ.

ಮೂರು ದಿನದಲ್ಲಿ ದಾಟಿದೆವು. ಟ್ರೇಲರ್ ಎಲ್ಲೂ ಹೂತುಕೊಳ್ಳಲಿಲ್ಲ. ಅಂಗಳದಲ್ಲಿ ನಿಂತು ಕರೆದವರು, ದಿನಾ ಬಸ್ಸಿಗೆ ಬಂದವರು, ಕೈ ಹಿಡಿದವರು, ಇವರಿಲ್ಲದಿದ್ದರೆ ನಾನು ಇನ್ನೂ ಮುಚ್ಚಿದ ಬಾಗಿಲ ಮುಂದೆಯೇ ಇರುತ್ತಿದ್ದೆ. ಕೊಪ್ಪಳಕ್ಕೆ ಮರಳಿದ ಮೇಲೆ ಓಣಿಯವರು, ವರ್ಕ್‌ಶಾಪಿಗೆ ಬರುವ ರೈತರು, ಎಲ್ಲರೂ ಕೇಳಿದರು. ಎಲ್ಲರಿಗೂ ಮರಳು ಹೇಗಿತ್ತೆಂದು ಹೇಳಿದ್ದೇನೆ. ನನ್ನ ಯಜಮಾನರಿಗೆ ಮಾತ್ರ ಹೇಳಲಾಗಿಲ್ಲ.